ಎರಡು ರೋಲಿನ ನಡುವೆ ಇಡದ ಕಾಗದ

ಅಪ್ಪ ಬದಲಾಗಿದ್ದಾನೆ ಎಂದು ನಮಗೆ ಮೊದಲು ಹೇಳಿದವನು ಅಪ್ಪನೇ. ನನ್ನ ಮೊದಲ ಆಕ್ಷೇಪಣೆ ಅಲ್ಲಿಂದಲೇ ಶುರು. ಆರೋಪಿಯೇ ಎದ್ದು ನಿಂತು ತೀರ್ಪು ಓದಿದರೆ ಅದನ್ನು ಯಾವ ಊರಲ್ಲಿ ತೀರ್ಪು ಅನ್ನುತ್ತಾರೆ?

ಮಡಕಶಿರಾದಲ್ಲಿ ನನ್ನ ಸೋದರಮಾವನ ಮನೆಯ ಜಗುಲಿ. ಮಧ್ಯಾಹ್ನ ಮೂರು ಗಂಟೆ. ಆ ಜಗುಲಿಯ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಅಮ್ಮ ಏಳು ವರ್ಷದಿಂದ ರವಿಕೆ ಹೊಲಿಯುತ್ತಿದ್ದಾಳೆ, ಅವತ್ತೂ ಹೊಲಿಯುತ್ತಿದ್ದಳು. ಅಪ್ಪ ರಾಯದುರ್ಗದಿಂದ ಬಂದು ಮೆಟ್ಟಿಲ ಕೆಳಗೆ ನಿಂತ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಜೊತೆಗೆ ಅವನು ಹೋಗುವ ಪ್ರಾರ್ಥನಾ ಮಂದಿರದ ಪಾಸ್ಟರ್. ಈ ಏಳು ವರ್ಷದಲ್ಲಿ ಅವನು ಆ ಮೆಟ್ಟಿಲಿನವರೆಗೆ ಬಂದದ್ದು ಎರಡು ಸಲ. ಎರಡು ಸಲವೂ ಕುಡಿದಿದ್ದ, ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದ. ಈ ಸಲ ಕೈ ಮುಗಿದ.

“ನಾ ಬದಲಾಗೀನಿ,” ಅಂದ. “ಮ್ಯಾಲಿಂದಲ್ಲ, ಒಳಗಿಂದ. ಹಳೇ ಮನಷ್ಯ ಸತ್ತಾನ. ನಿಮ್ಮ ಮುಂದ ನಿಂತಿರಾವ ಬ್ಯಾರೆ ಮನಷ್ಯ.”

“ಹಾಗಾದ್ರೆ ನಮಗೆ ಗುರುತಿಲ್ಲದವರು,” ಅಂದೆ ನಾನು. “ಯಾರು ಬೇಕಿತ್ತು ನಿಮಗೆ?”

ಪಾಸ್ಟರ್ ನಕ್ಕುಬಿಟ್ಟರು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಪಾಸ್ಟರ್ ಬಂದ ಕಾರಣವನ್ನು ತೆಲುಗು ಬೆರೆತ ಕನ್ನಡದಲ್ಲಿ ಮೆತ್ತಗೆ ಹೇಳಿದರು. ಬರುವ ಭಾನುವಾರ ಅಪ್ಪನಿಗೆ ದೀಕ್ಷಾಸ್ನಾನ. ನೀರಿಗಿಳಿಯುವ ಮೊದಲು ಸಭೆಯ ಮುಂದೆ ಸಾಕ್ಷಿ ಹೇಳುವುದು ಅವರ ಪದ್ಧತಿ: ಹಿಂದೆ ನಾನು ಹೇಗಿದ್ದೆ, ದೇವರು ನನ್ನನ್ನು ಹೇಗೆ ಬದಲಿಸಿದ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆಗ ಹೆಂಡತಿ, ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದರೆ ಚೆನ್ನ. ಅಲ್ಲಿಂದ ಎಲ್ಲರೂ ಒಟ್ಟಿಗೆ ಮನೆಗೆ ಹೋದರೆ ಇನ್ನೂ ಚೆನ್ನ.

“ಒಡೆದ ಕುಟುಂಬ ಕೂಡೋದಕ್ಕಿಂತ ದೊಡ್ಡ ಸಾಕ್ಷಿ ಇಲ್ಲಮ್ಮಾ,” ಅಂದರು.

“ಅಂದ್ರೆ ಇವರು ಭಾಷಣ ಮಾಡ್ತಾರೆ, ನಮ್ಮಮ್ಮ ಪಕ್ಕದಲ್ಲಿಟ್ಟ ಸ್ಯಾಂಪಲ್ ಪೀಸು.”

“ಎಷ್ಟು ಚುರುಕಮ್ಮಾ ನೀನು,” ಅಂದರು ಪಾಸ್ಟರ್. ಹೊಗಳಿಕೆ ಎಂದೇ ಹೇಳಿದ್ದು. ನನಗೆ ಇನ್ನಷ್ಟು ಉರಿಯಿತು.

ನಾನು ಚುರುಕಾಗಿದ್ದು ಪುಕ್ಕಟೆಯಾಗಿ ಅಲ್ಲ. ಹಿಂದೂಪುರದಲ್ಲಿ ಡಿಗ್ರಿ ಓದುವಾಗ ಮೂರು ವರ್ಷ ಚರ್ಚಾಸ್ಪರ್ಧೆ ಬಿಟ್ಟು ಬೇರೆ ಹುಚ್ಚು ಇರಲಿಲ್ಲ. ಚೀಟಿ ಎತ್ತಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಕನ್ನಡದಲ್ಲಿ ಒಂದು ಬಹುಮಾನ, ತೆಲುಗಿನಲ್ಲಿ ಎರಡು. ಅಲ್ಲಿ ಕಲಿತ ಮೊದಲ ಪಾಠ ಇದು: ಎದುರಾಳಿ ಯಾರೂ ಹೋಗಿ ನೋಡಲಾಗದ ಜಾಗದಲ್ಲಿ ತನ್ನ ಸಾಕ್ಷ್ಯ ಬಚ್ಚಿಟ್ಟರೆ ಬಿಡಬೇಡ. ‘ಒಳಗಿಂದ ಬದಲಾದೆ’ ಎನ್ನುವುದು ಅಂಥ ಮಾತು. ಒಳಗೆ ಎಂದರೆ ಎಲ್ಲಿ? ಬೀಗ ಯಾರ ಕೈಯಲ್ಲಿದೆ? ಹೊರಗೆ ಕಾಣುವುದಿಷ್ಟೇ: ಮನುಷ್ಯ ಏನು ಮಾಡುತ್ತಾನೆ, ಏನು ಮಾಡುವುದಿಲ್ಲ. ಉಳಿದದ್ದೆಲ್ಲ ಅವರವರೇ ಹೇಳಿಕೊಳ್ಳುವ ಕತೆ. ಹೀಗೆ ಜಗುಲಿಯ ಮೇಲೆ ನಿಂತು ಹತ್ತು ನಿಮಿಷ ಮಾತಾಡಿದೆ.

“ಸಾಕು ಸುಮ್ನಿರೇ,” ಅಂದ ಒಳಗಿಂದ ಬಂದ ಮಾವ. ಅವನಿಗೆ ತಂಗಿ ಗಂಡನ ಮನೆ ಸೇರಿದರೆ ಸಾಕಿತ್ತು. “ಯಾವ್ ದೇವ್ರಾದ್ರೇನು, ಕುಡಿಯಾದು ಬುಟ್ಟವ್ನಲ್ಲ! ನಮ್ ದೇವ್ರುಗಳ ಕೈಲಿ ಇಪ್ಪತ್ತು ವರ್ಷ ಆಗ್ಲಿಲ್ಲ ಅದು.” ಆಮೇಲೆ ಅಪ್ಪನ ಕಡೆ ತಿರುಗಿ, “ಬಾ ಭಾವ, ಮ್ಯಾಕ್ ಬಾ, ಬಿಸ್ಲಾಗೆ ಎಷ್ಟೊತ್ತು ನಿಂತ್ಕತೀಯ?”

ಅಪ್ಪ ಮೇಲೆ ಬರಲಿಲ್ಲ. ಅಮ್ಮನ ಕಡೆ ನೋಡಿದ. ಅಮ್ಮ ಹಲ್ಲಲ್ಲಿ ದಾರ ಕಡಿದು, “ಯೋಚ್ನೆ ಮಾಡಿ ಹೇಳಿ ಕಳಿಸ್ತೀನಿ,” ಅಂದಳು. ಅಷ್ಟೇ.

ಅವರು ಹೋದ ಮೇಲೆ ಅಮ್ಮ ನನ್ನನ್ನು ಹತ್ತಿರ ಕರೆದಳು. “ನೀನು ರಾಯದುರ್ಗಕ್ಕೋಗಿ ನಾಕ್ ದಿನ ಇದ್ದು ನೋಡ್ಕಂಡು ಬಾ. ನಿಜವಾಗ್ಲೂ ಬದಲಾಗಿದ್ರೆ ಹೋಗ್ತೀನಿ. ಅಣ್ಣನ ಮನೇಲಿ ಎಷ್ಟು ದಿನ ಅಂತ ಇರಾದು? ಬದಲಾಗಿಲ್ಲ ಅಂದ್ರೆ ಇಲ್ಲ. ನೀನ್ ಹೇಳ್ದಂಗೆ.”

“ನಾನು ಹೇಳ್ದಂಗಾ?”

“ಊರಿಗೆಲ್ಲ ವಾದ ಮಾಡ್ತೀಯಲ್ಲ. ನನ್ ಪರ ಒಂದ್ ಸಲ ಮಾಡು.”

ಚೀಟಿ ಎತ್ತುವ ಮೊದಲೇ ನಾನು ಯಾವ ಕಡೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಾವಗಡದಲ್ಲಿ ಒಮ್ಮೆ, ಕಲ್ಯಾಣದುರ್ಗದಲ್ಲಿ ಒಮ್ಮೆ ಬಸ್ಸು ಬದಲಿಸಿ ರಾಯದುರ್ಗ ತಲುಪುವವರೆಗೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಅದನ್ನು ಇಲ್ಲೇ ಹೇಳಿಬಿಡಬೇಕು.

ಅಪ್ಪ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲೆ ನಕ್ಷೆ ಬರೆದು, ಕರೆಂಟಿನ ಕತ್ತರಿಯಿಂದ ಇಡೀ ರಾಶಿಯನ್ನು ಒಟ್ಟಿಗೆ ಕತ್ತರಿಸುವ ಕೆಲಸ. ಹಾಸುವಾಗ ಒಂದು ರೋಲು ಮುಗಿದು ಇನ್ನೊಂದು ಶುರುವಾದರೆ ನಡುವೆ ಉದ್ದಕ್ಕೂ ಕಾಗದ ಇಡಬೇಕು. ಯಾಕೆಂದರೆ ಎರಡು ರೋಲಿನ ಬಣ್ಣ ಒಂದೇ ಥರ ಕಂಡರೂ ಒಂದೇ ಅಲ್ಲ, ತೊಳೆದಾಗ ಬೇರೆಯಾಗುತ್ತದೆ. ಕಾಗದ ಎಲ್ಲಿದೆಯೋ ಅಲ್ಲಿಗೆ ಕಟ್ಟು ಬೇರೆ ಮಾಡಿ ಹೊಲಿಯಲು ಕಳಿಸುತ್ತಾರೆ. ಅದೇ ಯೂನಿಟ್ಟಿನಲ್ಲಿ ಕಟ್ಟು ಕಟ್ಟುತ್ತಿದ್ದವಳು ನನ್ನ ಅಮ್ಮ.

ನಾನು ಹತ್ತನೇ ತರಗತಿಯಲ್ಲಿದ್ದಾಗ ಸಂಕ್ರಾಂತಿಯ ದೊಡ್ಡ ಆರ್ಡರ್ ಬಂತು. ರಜೆಯಿತ್ತು, ಬಟ್ಟೆಯ ಆ ತುದಿ ಹಿಡಿದು ಎಳೆಯಲು ಅಪ್ಪ ನನ್ನನ್ನು ನಿಲ್ಲಿಸಿಕೊಂಡ. ಅಮ್ಮ ಆಚೆ ಶೆಡ್ಡಿನಲ್ಲಿದ್ದಳು. ಒಂದು ರೋಲು ಮುಗಿಯಿತು. ಅಪ್ಪ ಹೊಸದನ್ನು ಏರಿಸಿದ. “ಅಪ್ಪ, ಕಾಗದ,” ಅಂದೆ. ಅವನ ಕಣ್ಣು ಕೆಂಪಗಿತ್ತು, ಅವಸರವಿತ್ತು. “ಎಳಿ ಸುಮ್ನ,” ಅಂದ. ಎಳೆದೆ.

ಹೊಲಿದ ಪ್ಯಾಂಟುಗಳು ಬಳ್ಳಾರಿಗೆ ಹೋಗಿ ತೊಳೆಸಿಕೊಂಡು ಬಂದಾಗ ಗಂಟು ಬಿಚ್ಚಿ ನೋಡಿದರೆ ಒಂದು ಕಾಲು ಗಾಢ ನೀಲಿ, ಒಂದು ಕಾಲು ತಿಳಿ. ಒಂದಲ್ಲ, ಗಂಟುಗಟ್ಟಲೆ. ಓನರ್ ಅಪ್ಪನನ್ನು ಕರೆದ. ಅಪ್ಪ ಎಲ್ಲರ ನಡುವೆ ನಿಂತು, “ಕಾಗದ ನಾ ಇಟ್ಟೀನ್ರಿ. ಈಕಿ ಕಟ್ಟೂವಾಗ ಕಿತ್ತು ಒಗದಾಳ,” ಎಂದು ಅಮ್ಮನ ಕೆನ್ನೆಗೆ ಹೊಡೆದ. ಮಿಷನ್ನುಗಳೆಲ್ಲ ನಿಂತವು. ಅಮ್ಮ ಒಂದೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅದೇ ವಾರ ಅಮ್ಮ ನನ್ನನ್ನು ಕರೆದುಕೊಂಡು ಮಡಕಶಿರಾಕ್ಕೆ ಬಂದಳು. ಆಮೇಲೆ ಸತ್ಯದ ಬಗ್ಗೆ, ನ್ಯಾಯದ ಬಗ್ಗೆ ನಾನು ವೇದಿಕೆ ಹತ್ತಿ ಎಷ್ಟು ಮಾತಾಡಿದ್ದೇನೆ ಎಂದು ನೆನೆದರೆ ನನಗೇ ಹೇಸಿಗೆ.

ರಾಯದುರ್ಗದಲ್ಲಿ ಅಪ್ಪನ ಕೋಣೆಯಲ್ಲಿ ಉಳಿಯಲು ಒಪ್ಪಲಿಲ್ಲ. ಅಮ್ಮನ ಹಳೆಯ ಗೆಳತಿ, ಯೂನಿಟ್ಟಿನಲ್ಲಿ ಹೊಲಿದ ಪ್ಯಾಂಟಿನಲ್ಲಿ ಉಳಿದ ದಾರದ ಎಳೆ ಕತ್ತರಿಸುವ ಮುದುಕಿಯ ಮನೆಯಲ್ಲಿ ಇಳಿದೆ. ಅವಳನ್ನು ನಾನು ದೊಡ್ಡಮ್ಮ ಅನ್ನುತ್ತೇನೆ. ಬೆಳಿಗ್ಗೆ ಅಪ್ಪನ ಕೋಣೆಗೆ ಹೋಗಿ ಪೊಲೀಸಿನವರ ಹಾಗೆ ಹುಡುಕಿದೆ. ಬಾಟಲಿ ಇಲ್ಲ. ಒಲೆಯ ಮೇಲೆ ಅನ್ನ. ಬೆಳಗಾಗುವ ಮೊದಲೇ ಎದ್ದು ಪ್ರಾರ್ಥನೆ ಮಾಡುತ್ತಾನಂತೆ. ಪಕ್ಕದ ಮನೆಯವಳಿಗೆ ಜ್ವರ ಬಂದಾಗ ನೀರು ತಂದು ಹಾಕಿದನಂತೆ. ಬೀದಿಯವರು ನನ್ನನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದರು: “ನಿಮ್ಮಪ್ಪ ಭಾಳ ಚಲೋ ಆಗ್ಯಾನವ್ವ!” ಒಬ್ಬೊಬ್ಬರು ಹೇಳಿದಾಗಲೂ ನನ್ನ ಸಿಟ್ಟು ಏರಿತು. ಇವಳಿಗೆ ನೀರು ತಂದವನು ನನ್ನ ಅಮ್ಮನಿಗೆ ಒಂದು ಲೋಟ ತಂದಿದ್ದನೇ? ಒಳ್ಳೆಯತನವನ್ನು ಸಾಲಾಗಿ ನಿಂತ ಹೊರಗಿನವರಿಗೆಲ್ಲ ಹಂಚಿ, ಒಳಗಿನವರಿಗೆ ಮುಂದಿನ ಸಾಲಿನ ಕುರ್ಚಿ!

ಮಧ್ಯಾಹ್ನ ದೊಡ್ಡಮ್ಮನಿಗೆ ಬುತ್ತಿ ಕೊಡಲು ಯೂನಿಟ್ಟಿಗೆ ಹೋದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಟ್ಟು ಕಟ್ಟುತ್ತಿದ್ದಳು. ಅವಳಿಗೆ ಕೆಲಸ ಕಲಿಸುತ್ತಿದ್ದ ಹೆಂಗಸು ನನ್ನ ಗುರುತಿಲ್ಲದೆ, “ಏ ಹುಡುಗಿ, ಕಾಗದ ನೋಡಿ ಕಟ್ಟು. ಮಾಸ್ಟ್ರ ಹೆಂಡ್ತಿ ಕೆಲ್ಸ ಮಾಡಬ್ಯಾಡ,” ಅಂದಳು.

ಸುತ್ತ ಕೂತ ನಾಲ್ಕು ಹುಡುಗಿಯರು ಕಿಸಕ್ಕೆಂದರು. ಏಳು ವರ್ಷದಿಂದ ನನ್ನ ಅಮ್ಮ ಈ ಶೆಡ್ಡಿನಲ್ಲಿ ಒಂದು ಗಾದೆಯಾಗಿ ಬದುಕಿದ್ದಾಳೆ. ಅವಳ ಮುಖವನ್ನೇ ನೋಡದ ಹುಡುಗಿಯರು ಅವಳ ಮೂರ್ಖತನದಿಂದ ಪಾಠ ಕಲಿಯುತ್ತಿದ್ದಾರೆ. ಹತ್ತು ಮಾರಿನಾಚೆ ಮೇಜಿನ ಬಳಿ ಅಪ್ಪ. ಅವನಿಗೆ ಕೇಳಿಸಿತು. ಕೇಳಿಸಿತು ಎಂದು ಅವನ ಬೆನ್ನು ಹೇಳಿತು. ಕತ್ತರಿ ಮಾತ್ರ ನಿಲ್ಲಲಿಲ್ಲ.

ಅಲ್ಲಿಗೆ ನನ್ನ ವಾದಕ್ಕೆ ಬೇಕಾದದ್ದೆಲ್ಲ ಸಿಕ್ಕಿತು.

ಶನಿವಾರ ಪ್ರಾರ್ಥನಾ ಮಂದಿರದಲ್ಲಿ ಪಾಸ್ಟರ್ ಅಪ್ಪನಿಗೆ ಸಾಕ್ಷಿ ಹೇಳುವುದನ್ನು ರೂಢಿ ಮಾಡಿಸುತ್ತಿದ್ದರು. ಜಿಂಕ್ ಶೀಟಿನ ಸಣ್ಣ ಹಾಲು, ಜಮಖಾನ, ಒಂದು ಮೈಕು. ನಾನು ಹೋಗಿ ಹಿಂದೆ ಕೂತೆ. ಅಪ್ಪ ಶುರು ಮಾಡಿದ: “ನಾನು ಮಹಾಪಾಪಿ ಇದ್ದೆ. ಕುಡೀತಿದ್ದೆ. ಹೇಣ್ತಿ ಮಕ್ಕಳಿಗೆ ಹೊಡೀತಿದ್ದೆ. ನನ್ನಂಥ ದುಷ್ಟ ಈ ಊರಾಗ ಇದ್ದಿದ್ದಿಲ್ಲ…” ದನಿ ನಡುಗಿತು. ಪಾಸ್ಟರ್ ಕಣ್ಣು ಮುಚ್ಚಿ ತಲೆದೂಗಿದರು.

“ಕಾಗದ ಎಲ್ಲಪ್ಪ?” ಅಂದೆ.

ಇಬ್ಬರೂ ತಿರುಗಿದರು.

“ಕುಡೀತಿದ್ದೆ ಅಂದೆ. ಹೊಡೀತಿದ್ದೆ ಅಂದೆ. ಇನ್ನೇನು ಬೇಕವ್ವ ನಿನಗ?” ಅಂದ ಅಪ್ಪ.

“ಮಹಾಪಾಪಿ ಅನ್ನೋದಕ್ಕೆ ಏನು ಖರ್ಚು? ಇಲ್ಲಿ ಕೂತವರೆಲ್ಲ ಅದನ್ನೇ ಹೇಳ್ತಾರೆ. ಕುಡುಕ ಅಂದ್ರೆ ಪಾಪ ಅಂತಾರೆ, ಬಿಟ್ಟ ಅಂದ್ರೆ ಚಪ್ಪಾಳೆ ಹೊಡೀತಾರೆ. ‘ಕಾಗದ ನಾನು ಇಡಲಿಲ್ಲ’ ಅನ್ನು. ಮೂರೇ ಪದ. ಇಲ್ಲಲ್ಲ, ಯೂನಿಟ್ಟಿನಲ್ಲಿ ಅನ್ನು. ಮೊನ್ನೆ ಆ ಹುಡುಗೀರು ನಕ್ಕಾಗ ನಿನ್ನ ಹೊಸ ಮನುಷ್ಯ ಎಲ್ಲಿ ಹೋಗಿದ್ದ? ಟೀ ಕುಡಿಯೋಕಾ?”

ಪಾಸ್ಟರ್‌ಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ. ಆದರೂ ನಡುವೆ ಬಂದರು. “ದೇವರು ಕ್ಷಮಿಸಿದ್ದನ್ನ ಮತ್ತೆ ಅಗೆದು ತೆಗೀಬಾರದಮ್ಮಾ. ಒಂದು ಸಲ ತೊಳೆದ ಮೇಲೆ ಕಲೆ ಇರಲ್ಲ.”

“ಪಾಸ್ಟರ್‌ಗಾರು, ಇದು ರಾಯದುರ್ಗ, ಜೀನ್ಸ್ ಊರು. ನಮ್ಮೂರಲ್ಲಿ ತೊಳೆದ ಮೇಲೇ ತಪ್ಪು ಕಾಣೋದು. ಯಾರನ್ನಾದ್ರೂ ಕೇಳಿ.”

ಚರ್ಚಾಸ್ಪರ್ಧೆಯಾಗಿದ್ದರೆ ಅಲ್ಲಿಗೆ ಗಂಟೆ ಬಾರಿಸುತ್ತಿದ್ದರು.

ಅಪ್ಪ ಮೈಕಿನ ವೈರನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. “ಅದೊಂದು ಬ್ಯಾಡವ್ವ,” ಅಂದ. “ಕುಡಿಯೂದು ಬಿಟ್ಟೆ. ಬೀಡಿ ಬಿಟ್ಟೆ. ಬೈಯೂದು ಬಿಟ್ಟೆ. ಇಪ್ಪತ್ತೆರಡು ವರ್ಷ ಆತು, ಇವನ ಕಟಿಂಗಿನಾಗ ತಪ್ಪಿಲ್ಲ ಅಂತ ಬಳ್ಳಾರಿತನಕ ಮಾತೈತಿ. ಅದೊಂದ ನಂದು ಅಂತ ಉಳದೈತಿ.”

ಎಂಥಾ ನಾಚಿಕೆಗೇಡು! ಹೆಂಡತಿಯನ್ನು ಹೊಡೆದೆ ಎಂದು ಮೈಕಿನಲ್ಲಿ ಹೇಳಬಲ್ಲ. ಬಟ್ಟೆ ಹಾಸುವಾಗ ತಪ್ಪಿದೆ ಎಂದು ಹೇಳಲಾರ. ಅಂದರೆ ಅವನ ಒಳಗೆ ದೇವರಿಗೆ ಬಿಟ್ಟುಕೊಟ್ಟದ್ದು ಹೊರಗಿನ ಪಡಸಾಲೆ ಮಾತ್ರ. ಗದ್ದುಗೆ ಇರುವ ಕೋಣೆಯಲ್ಲಿ ಇನ್ನೂ ಅವನೇ ಕೂತಿದ್ದ. ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿದೆ. “ಬರಬೇಡ. ಕುಡಿಯೋದು ಬಿಟ್ಟಿದಾನೆ ಅಷ್ಟೇ. ಒಳಗೆ ಅದೇ ಮನುಷ್ಯ.” ಕಾಗದದ ಮಾತು ಎತ್ತಲಿಲ್ಲ, ಅವಳಿಗೆ ಗೊತ್ತಿದ್ದದ್ದೇ ಅಲ್ಲವೇ ಅದು.

“ಹೂಂ,” ಅಂದಳು ಅಮ್ಮ.

ಭಾನುವಾರ ಅಪ್ಪ ನೀರಿಗಿಳಿಯಲಿಲ್ಲ. ಪ್ರಾರ್ಥನೆಗೂ ಹೋಗಲಿಲ್ಲವಂತೆ. ಪಾಸ್ಟರ್ ದೊಡ್ಡಮ್ಮನ ಮನೆ ಹುಡುಕಿಕೊಂಡು ಬಂದರು. ಆ ಮೆತ್ತಗಿನ ಮನುಷ್ಯನ ದನಿಯಲ್ಲೂ ಸಿಟ್ಟಿತ್ತು. “ಎರಡು ವರ್ಷ ನಾನು ಅವನ ಜೊತೆ ಕೂತು ಕಟ್ಟಿದ್ದನ್ನ ನಿನ್ನ ನಾಲಗೆ ಒಂದು ಗಂಟೇಲಿ ಕೆಡವಿತಮ್ಮಾ. ಮತ್ತೆ ಕುಡಿದ್ರೆ ಯಾರು ಜವಾಬ್ದಾರಿ?”

“ಒಂದು ಪ್ರಶ್ನೆಗೆ ಬೀಳೋದಾದ್ರೆ ಬೀಳಲಿ ಬಿಡಿ,” ಅಂದೆ.

ಅಪ್ಪ ಕುಡಿಯಲಿಲ್ಲ. ಸೋಮವಾರ ಬೆಳಿಗ್ಗೆ ದೊಡ್ಡಮ್ಮನ ಬಾಗಿಲಿಗೆ ಬಂದ. ನಿದ್ದೆಯಿಲ್ಲದ ಮುಖ, ಎಂದಿನ ಕೆಲಸದ ಅಂಗಿ.

“ಇವತ್ತು ಯೂನಿಟ್ಟಿಗೆ ಬಾ.”

“ಯಾಕೆ? ಅಮ್ಮನನ್ನೂ ಕರೆಸಲಾ ಮುಂದಿನ ಸಾಲಿಗೆ?”

“ಆಕಿ ಯಾಕ? ಆಕಿಗೆ ಗೊತ್ತಿದ್ದಿದ್ದ ಐತಿ. ಗೊತ್ತಿಲ್ದವ್ರು ಇಲ್ಲಿ ಅದಾರ.”

ಚಪ್ಪಲಿ ಮೆಟ್ಟಿದೆ. ಅವನ ಹಿಂದೆ ಹೋದೆ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಅದರಲ್ಲಿ ಭವ್ಯವಾದದ್ದು ಏನೂ ಇರಲಿಲ್ಲ. ಅಪ್ಪ ಕಟಿಂಗ್ ಮೇಜು ಬಿಟ್ಟು ಹೊಲಿಗೆಯ ಸಾಲುಗಳ ನಡುವೆ ಹೋಗಿ ನಿಂತ. ಮಿಷನ್ನುಗಳು ಓಡುತ್ತಲೇ ಇದ್ದವು. ಏನೋ ಹೇಳಿದ. ಯಾರಿಗೂ ಕೇಳಲಿಲ್ಲ.

“ಏನಂತ್ರೀ ಮಾಸ್ಟ್ರ?” ಎಂದ ಗುಂಡಿ ಹಚ್ಚುವವನು.

“ಸಂಕ್ರಾಂತಿ ಆರ್ಡರ್ ಕೆಟ್ಟಿತ್ತಲ್ಲ, ಏಳು ವರ್ಷದ ಹಿಂದ—”

“ಊಟದ ಹೊತ್ತಿಗೆ ಹೇಳ್ರಿ, ಕತಿ ಉದ್ದ ಇದ್ದಂಗೈತಿ!”

ನಕ್ಕರು. ಅಪ್ಪ ಗಂಟಲು ಕೆರೆದುಕೊಂಡು ಕೂಗಿದ. ನಾನು ಹುಟ್ಟಿದಾಗಿನಿಂದ ಕೇಳಿದ, ಬೀದಿಗೆಲ್ಲ ಕೇಳುವ ಅದೇ ಕೂಗು. “ಕಾಗದ ನಾ ಇಟ್ಟಿದ್ದಿಲ್ಲ! ನನ್ನ ಹೇಣ್ತಿ ಕಿತ್ತಿಲ್ಲ! ನಾ ಇಟ್ಟಿದ್ದಿಲ್ಲ! ಸುಳ್ಳು ಹೇಳಿ ಆಕಿಗೆ ಹೊಡದೆ!”

ಒಂದೊಂದಾಗಿ ಮಿಷನ್ನುಗಳು ನಿಂತವು. ಎಲ್ಲವೂ ಅಲ್ಲ. ಮೂಲೆಯಲ್ಲಿ ಇಬ್ಬರು ಹೊಲಿಯುತ್ತಲೇ ಇದ್ದರು. ಕಣ್ಣೀರಿಲ್ಲ, ದೇವರ ಹೆಸರಿಲ್ಲ. ಒಬ್ಬ ಹೆಂಗಸು, “ಇಷ್ಟು ವರ್ಷ ಆದಮ್ಯಾಲ ಈಗ್ಯಾಕ್ರಿ ಮಾಸ್ಟ್ರ, ಬಿಡ್ರಿ,” ಎಂದು ಬೇಸರಪಟ್ಟಳು, ಊಟದ ನಡುವೆ ಯಾರೋ ಹೊಲಸು ಮಾತೆತ್ತಿದ ಹಾಗೆ. ಓನರ್ ಕೋಣೆಯಿಂದ ಹೊರಗೆ ಬಂದ.

“ಆ ಕಡಿ ತುದಿ ಯಾರು ಹಿಡದಿದ್ರು ಅವತ್ತು?”

“ಯಾರು ಹಿಡದರೇನ್ರಿ,” ಅಂದ ಅಪ್ಪ. “ಕಟಿಂಗ್ ನಂದು.” ನನ್ನ ಕಡೆ ನೋಡಲಿಲ್ಲ.

“ನಾನಿದ್ದೆ,” ಅಂದೆ. ನನ್ನ ಬಾಯಿಂದ ಗಾಳಿಯಷ್ಟೇ ಬಂತು. ಮೂಲೆಯ ಎರಡು ಮಿಷನ್ನಿನ ಸದ್ದಿಗೆ ಅದು ಮುಚ್ಚಿಹೋಯಿತು. ಸಾವಿರ ಜನರ ಮುಂದೆ ಮೈಕಿಲ್ಲದೆ ಮಾತಾಡಿದವಳು ನಾನು. ಇನ್ನೊಂದು ಸಲ ಹೇಳಲಿಲ್ಲ.

ಓನರ್ ಕತ್ತರಿಯನ್ನು ಬೇರೊಬ್ಬನಿಗೆ ಕೊಟ್ಟ. ಅಪ್ಪನನ್ನು ಓಡಿಸಲಿಲ್ಲ, ದಾರ ಕತ್ತರಿಸುವ ಹೆಂಗಸರ ಸಾಲಿಗೆ ಕೂರಿಸಿದ. ಆ ಸಾಲಿನಲ್ಲಿ ಅದುವರೆಗೆ ಯಾವ ಗಂಡಸೂ ಕೂತಿರಲಿಲ್ಲ. ದೊಡ್ಡಮ್ಮ ಸರಿದು ಜಾಗ ಮಾಡಿದಳು. “ಬರ್ರಿ ಮಾಸ್ಟ್ರ, ಕನ್ನಡಕ ತಂದೀರೇನು? ಇಲ್ಲಿ ಎಳಿ ಕಾಣಂಗಿಲ್ಲ,” ಅಂದಳು. ಸಾಲು ನಕ್ಕಿತು. ಅಪ್ಪ ಸಣ್ಣ ಕತ್ತರಿ ತೆಗೆದುಕೊಂಡು ಕೂತ. ನಾನು ಅವನ ಮುಖವನ್ನೇ ನೋಡಿದೆ. ಹುತಾತ್ಮನ ಕಳೆ ಹುಡುಕಿದೆ. ಒಂದಿಷ್ಟು ಸಿಕ್ಕಿದ್ದರೆ ನಾಟಕ ಎಂದು ಬರೆದುಕೊಂಡು ಹೋಗಬಹುದಿತ್ತು. ಸಿಗಲಿಲ್ಲ. ಎಳೆ ಕಾಣದೆ ಕಣ್ಣು ಕಿರಿದು ಮಾಡುತ್ತಿದ್ದ, ಅಷ್ಟೇ. ಆ ಸಂಜೆ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಾಗಲೂ ‘ಅವ್ವಗ ಹೇಳು’ ಎನ್ನಲಿಲ್ಲ, ‘ಬರ್ತಾಳೇನು’ ಎಂದು ಕೇಳಲಿಲ್ಲ.

ಬಸ್ಸಿನುದ್ದಕ್ಕೂ ಹಲ್ಲು ಕಡಿಯುತ್ತ ಕೂತಿದ್ದೆ. ಯಾಕೆಂದರೆ ಅವನು ಬದಲಾಗಿದ್ದ. ಅವನ ದೇವರನ್ನು ನಾನು ಅವತ್ತೂ ನಂಬಲಿಲ್ಲ, ಇವತ್ತೂ ನಂಬುವುದಿಲ್ಲ. ಆದರೆ ಎರಡು ವರ್ಷದ ಪ್ರಾರ್ಥನೆ ಮುಟ್ಟದಿದ್ದ ಜಾಗವನ್ನು ಆ ಎರಡು ರಾತ್ರಿಯಲ್ಲಿ ಯಾವುದೋ ಮುಟ್ಟಿತ್ತು. ಅದು ನನ್ನ ಪ್ರಶ್ನೆಯೇ ಎಂದು ಹೇಳಿಕೊಳ್ಳುವಷ್ಟು ಮೂಢಳಲ್ಲ ನಾನು. ನನ್ನ ಪ್ರಶ್ನೆ ಅವನನ್ನು ಸೋಲಿಸಲು ಕೇಳಿದ್ದು, ಬದಲಿಸಲು ಅಲ್ಲ. ಬದಲಾಗುವುದು ಸಾಧ್ಯವಿತ್ತು ಎಂದ ಮೇಲೆ ಹಿಂದಿನದಕ್ಕೆಲ್ಲ ಇದ್ದ ಒಂದೇ ಸಬೂಬೂ ಹೋಯಿತು. ‘ಅವನು ಇರೋದೇ ಹಾಗೆ’ ಎಂದುಕೊಂಡು ನಾವು ಸಹಿಸಿದ್ದೆಲ್ಲ ದಂಡ.

ಮಡಕಶಿರಾದಲ್ಲಿ ಅಮ್ಮ ಮಿಷನ್ ಮುಂದೆಯೇ ಇದ್ದಳು. “ಏನಾತು, ಎಲ್ಲಾ ಹೇಳು,” ಅಂದಳು.

“ಫೋನಲ್ಲಿ ಹೇಳಿದ್ದನ್ನ ವಾಪಸ್ ತಗೋತೀನಿ,” ಅಂದೆ. “ಯೂನಿಟ್ಟಿನಲ್ಲಿ ಎಲ್ಲರ ಮುಂದೆ ಹೇಳ್ದ, ಕಾಗದ ತಾನು ಇಟ್ಟೇ ಇರಲಿಲ್ಲ ಅಂತ.”

ಅಮ್ಮನ ಕಾಲು ಪೆಡಲಿನ ಮೇಲೆ ನಿಂತಿತು.

“ಇಟ್ಟಿರ್ಲಿಲ್ವಾ?”

ನನಗೆ ಅರ್ಥವಾಗಲಿಲ್ಲ. “ನಿಂಗೆ ಗೊತ್ತಿತ್ತಲ್ಲಮ್ಮ.”

“ನಂಗೆಂಗೆ ಗೊತ್ತಾಗ್ತದೆ? ಬಟ್ಟೆ ಹಾಸೋವಾಗ ನಾನಲ್ಲಿದ್ನಾ?” ಅಮ್ಮನ ದನಿ ಏರಿತು. “ದಿನಾ ಎಷ್ಟು ಕಾಗ್ದ ಕಿತ್ತೋಗಿ ಕೆಳಗೆ ಬೀಳ್ತಿದ್ವು. ಚಿಂದಿ ಜತೆ ಗುಡಿಸಿ ಹಾಕ್ತಿದ್ದೆ. ಅವತ್ತೂ ಅಂಗೇ ಗುಡಿಸ್ದೆನೇನೋ, ನೋಡ್ಲಿಲ್ವೇನೋ ಅಂತ ಏಳು ವರ್ಷ ಅಂದ್ಕಂಡಿದೀನಿ. ಹೊಡೆದಿದ್ದು ತಪ್ಪು, ಆದ್ರೆ ಕೆಲ್ಸ ಕೆಡಿಸಿದ್ದು ನಾನೇ ಅಂತ. ನನ್ ಕೈಲಿ ಯಾವ್ದೂ ನೆಟ್ಟಗಾಗಲ್ಲ ಅಂತ.”

ಅಮ್ಮ ಪ್ರತಿ ರವಿಕೆಯನ್ನೂ ಮೂರು ಸಲ ಅಳೆಯುತ್ತಾಳೆ. ಕತ್ತರಿ ಹಾಕುವ ಮೊದಲು ಮಾವನ ಹೆಂಡತಿಯನ್ನು ಕರೆದು ಒಮ್ಮೆ ನೋಡು ಅನ್ನುತ್ತಾಳೆ. ಅದನ್ನು ನಾನು ಕಸುಬಿನ ಶಿಸ್ತು ಎಂದುಕೊಂಡಿದ್ದೆ. ಒಳಗೆ ಎನ್ನುವುದೇ ಒಂದು ಕತೆ ಎಂದು ಇದೇ ಜಗುಲಿಯಲ್ಲಿ ನಿಂತು ವಾದಿಸಿದ್ದೆನಲ್ಲ. ಅಪ್ಪನ ಒಂದು ಸುಳ್ಳು ನನ್ನ ಎದುರಿಗೇ, ಅಮ್ಮನ ಒಳಗೆ, ಏಳು ವರ್ಷ ಸಂಸಾರ ಹೂಡಿತ್ತು.

“ಫೋನ್ ಹಚ್ಚು,” ಅಂದಳು ಅಮ್ಮ. “ನನ್ಗೆ ಹೇಳ್ಲಿ.”

ಹಚ್ಚಿದೆ. ಸ್ಪೀಕರಿಗೆ ಹಾಕಿದೆ. ಅಮ್ಮ ಪೀಠಿಕೆ ಹಾಕಲಿಲ್ಲ. “ಊರಿಗೆಲ್ಲ ಹೇಳಿದ್ಯಂತೆ. ನಂಗೆ ಯಾಕ್ ಹೇಳ್ಲಿಲ್ಲ?”

“ನಿನಗ ಗೊತ್ತೈತಿ ಅಂತ ತಿಳಕೊಂಡಿದ್ದೆ,” ಅಂದ ಅಪ್ಪ.

“ಗೊತ್ತಿರ್ಲಿಲ್ಲ. ನಾನೇ ಕಿತ್ತೆ ಅಂದ್ಕಂಡಿದ್ದೆ. ನಿಮ್ ದೇವ್ರು ಅದೊಂದ್ ಹೇಳ್ಲಿಲ್ವಾ ನಿಂಗೆ?”

ಅಪ್ಪ ಹೇಳಿದ, ಒಂದೊಂದೇ ಮಾತು ಕಿತ್ತು ಇಟ್ಟ ಹಾಗೆ: “ಕಾಗದ ನಾ ಇಟ್ಟಿದ್ದಿಲ್ಲ. ನಿನ್ನ ತಪ್ಪು ಏನೂ ಇದ್ದಿದ್ದಿಲ್ಲ.”

“ಇನ್ನೊಂದ್ ಸಲ.”

ಹೇಳಿದ.

ಮಾವ ಬಾಗಿಲಲ್ಲಿ ಬಂದು ನಿಂತು, “ಒಪ್ಕಂಡವ್ನಲ್ಲಮ್ಮ, ಇನ್ನೇನು, ಒಳ್ಳೇ ದಿನ ನೋಡಿ—” ಎಂದು ಶುರು ಮಾಡಿದ. ಅಮ್ಮ ಅವನನ್ನು ನೋಡಿದ ನೋಟಕ್ಕೆ ಮಾತು ಬಾಯಲ್ಲೇ ಉಳಿಯಿತು.

“ನೀನ್ ಬದಲಾಗಿದೀಯ. ಒಪ್ದೆ,” ಅಂದಳು ಅಮ್ಮ ಫೋನಿಗೆ. “ಒಳ್ಳೇದಾಗ್ಲಿ. ಅದುಕ್ಕೆ ನಾನ್ ಬರಲ್ಲ. ಬರ್ತೀನಿ ಅಂತ ಕಾಯ್ಬೇಡ. ನೀರಿಗಿಳಿ, ಬಿಡು, ಅದು ನಿಂಗೂ ನಿನ್ ದೇವ್ರಿಗೂ ಇರಾದು.”

“ಆತು,” ಅಂದ ಅಪ್ಪ. “ನೀ ಹೇಳಿದ್ದು ಖರೆ ಐತಿ.” ಅಳಲಿಲ್ಲ, ನಿನಗಾಗಿ ಪ್ರಾರ್ಥಿಸುತ್ತೇನೆ ಎನ್ನಲಿಲ್ಲ. ಫೋನು ಇಟ್ಟ.

ಅಮ್ಮ ನನ್ನ ಕಡೆ ತಿರುಗಿದಳು. ತೀರ್ಪು ಕೊಡಲು ಕಳಿಸಿದ್ದ ಮಗಳ ಕಡೆ. “ಆ ತುದೀಲಿ ನೀನಿದ್ದೆ,” ಅಂದಳು. “ನಿಂಗೂ ಗೊತ್ತಿತ್ತು.”

“ಯೂನಿಟ್ಟಲ್ಲಿ ನಾನೂ ಹೇಳ್ದೆ ಅಮ್ಮ. ಯಾರಿಗೂ ಕೇಳಿಸ್ಲಿಲ್ಲ.”

“ನಂಗೆ ಯಾವಾಗ್ ಹೇಳ್ದೆ?”

“ನಾನಾಗ ಹದಿನೈದು ವರ್ಷದವಳು. ಆಮೇಲೆ ನಿಂಗೆ ಗೊತ್ತೇ ಇರುತ್ತೆ ಅಂತ—”

“ವಯಸ್ಸು ಕೇಳ್ಲಿಲ್ಲ ನಾನು.”

ಎಷ್ಟು ವಾದಗಳು ಬಂದವು ನಾಲಗೆಯ ತುದಿಗೆ! ಹೊಡೆದವನು ಅವನು. ಸುಳ್ಳು ಹೇಳಿದವನು ಅವನು. ನಾನು ಮಗು. ಒಂದೊಂದೂ ನಿಜ, ಒಂದೊಂದೂ ಗೆಲ್ಲುವಂಥದ್ದು. ಅಪ್ಪ ಯೂನಿಟ್ಟಿನಲ್ಲಿ ಇಂಥವನ್ನೆಲ್ಲ ಪಕ್ಕಕ್ಕಿಟ್ಟು ಕೂಗಿದ್ದ ಎಂಬುದು ಆಗ ಹೊಳೆದು, ಅವನ ಮೇಲೆ ಇದ್ದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆ ಬಂತು.

“ಕಾಗದ ಇರಲಿಲ್ಲ,” ಅಂದೆ. “ನಾನು ನೋಡಿದ್ದೆ. ಅಪ್ಪಂಗೆ ಹೇಳಿದ್ದೆ. ನಿಂಗೆ ಹೇಳ್ಲಿಲ್ಲ.”

ಅಪ್ಪನಿಗೆ ಸಿಕ್ಕ ‘ಒಪ್ದೆ’ ನನಗೆ ಸಿಗಲಿಲ್ಲ. ಅಮ್ಮ ಎದ್ದು ಒಳಗೆ ಹೋದಳು. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸಿದಳು, ಮುಖ ನೋಡಲಿಲ್ಲ. ನಾನು ಸಬೂಬು ಹೇಳಲಿಲ್ಲ. ಆ ಎಂಟು ದಿನವೂ ನಾಲಗೆ ಕಚ್ಚಿಕೊಂಡು ಸುಮ್ಮನಿದ್ದೆ. ಅದು ನನ್ನ ಸ್ವಭಾವವಲ್ಲ.